ಒರೆಸಬ್ಯಾಡ, ಕುಟ್ಟು

ನನಗೆ ಹಳೇ ಅಕ್ಷರಗಳ ಹುಚ್ಚು. ಮನೆಯ ಒಂದು ಕಪಾಟಿನ ತುಂಬಾ ಬೆಂಕಿಪೊಟ್ಟಣದ ಚೀಟಿ, ಕ್ಯಾಸೆಟ್ ಕವರ್, ಬೀಡಿ ಕಟ್ಟಿನ ಲೇಬಲ್, ನಿಂತು ಹೋದ ಎರಡು ಎಚ್‌ಎಂಟಿ ವಾಚು. ಮನೆಯವರ ಲೆಕ್ಕದಲ್ಲಿ ಅದೆಲ್ಲ ಗುಜರಿ. ಹೊಟ್ಟೆಪಾಡಿಗೆ ಕೊಪ್ಪಳದಲ್ಲಿ ಕೂತು ಮದುವೆ ಕಾರ್ಡು, ಅಂಗಡಿ ಲೋಗೊ, ಚಿಕ್ಕ ಚಿಕ್ಕ ವಿಡಿಯೋ ಮಾಡುತ್ತೇನೆ.

ಹೋದ ಸುಗ್ಗಿಯಲ್ಲಿ ಗೆಳೆಯನೊಬ್ಬ ಬಂದ. ಗಂಗಾವತಿಯಲ್ಲಿ ಸೋನಾ ಮಸೂರಿ ವ್ಯಾಪಾರ ಅವನದು. ಸ್ಟೇಟಸ್‌ಗೆ ಹಾಕಲು 8 ಸೆಕೆಂಡಿನ ವಿಡಿಯೋ ಬೇಕು, ಹಳೇ ಗೋಣಿಚೀಲದ ಮೇಲಿನ ಅಕ್ಷರದ ಥರ ಇರಬೇಕು ಅಂದ. ಇಷ್ಟೇನಾ ಅಂದುಕೊಂಡೆ.

'ಬಾಲೂ ತಮ್ಮ' ಅನ್ನೋ ಕನ್ನಡ ಫಾಂಟ್ ತೆಗೆದುಕೊಂಡೆ. ದಪ್ಪಗಿದೆ, ದುಂಡಗಿದೆ. ಇಂಗ್ಲಿಷ್ ಸ್ಟೆನ್ಸಿಲ್ (ತಗಡಿನಲ್ಲಿ ಕೊರೆದು ಮಸಿ ಒತ್ತುವ) ಅಕ್ಷರಗಳಲ್ಲಿ ನಡುವೆ ಉದ್ದಕ್ಕೆ ಸೀಳು ಇರುತ್ತಲ್ಲ, ಅದೇ ರೀತಿ ಪ್ರತಿ ಅಕ್ಷರದ ನಡುವೆ ಒಂದು ಸೀಳು ಹಾಕಿದೆ. ಚೆನ್ನಾಗಿಯೇ ಕಾಣಿಸಿತು. ಗೆಳೆಯ ಮೊಬೈಲ್‌ನಲ್ಲಿ ನೋಡಿ ನಕ್ಕುಬಿಟ್ಟ. 'ಡಬಲ್ ಪಾಲಿಷ್' ಅನ್ನೋದು 'ಢಬಲ್ ಫಾಲಿಷ್' ಆಗಿತ್ತು! ಕನ್ನಡದಲ್ಲಿ ಪ ಮತ್ತು ಫ, ಡ ಮತ್ತು ಢ, ದ ಮತ್ತು ಧ ಇವುಗಳ ನಡುವಿನ ವ್ಯತ್ಯಾಸವೇ ತಳದಲ್ಲಿರುವ ಆ ಸೀಳು. ಒಂದನೇ ಕ್ಲಾಸಿನಲ್ಲಿ ಕಲಿತದ್ದು. ಕಂಪ್ಯೂಟರ್ ಮುಂದೆ ಕೂತಾಗ ಮರೆತೇ ಹೋಗಿತ್ತು.

ಚೀಲಕ್ಕೆ ಅಕ್ಷರ ಒತ್ತುವ ಅಸಲಿ ತಗಡು ನೋಡಲೇಬೇಕು ಅಂತ ಗಂಗಾವತಿಗೆ ಹೋದೆ. ಈಗ ಚೀಲವೆಲ್ಲ ಪ್ಲಾಸ್ಟಿಕ್ಕು, ಬಣ್ಣಬಣ್ಣದ ಪ್ರಿಂಟು. ಆದರೂ ಒಂದು ಹಳೇ ರೈಸ್ ಮಿಲ್ಲಿನ ಗೋದಾಮಿನಲ್ಲಿ, ತೂಕದ ಯಂತ್ರದ ಹಿಂದೆ, ಒಂದು ತಗಡು ಸಿಕ್ಕಿತು. ಒಂದೂವರೆ ಅಡಿ ಉದ್ದ. ಮೇಲೆ ಕಪ್ಪು ಮಸಿ ಹಪ್ಪಳದ ಥರ ಗಟ್ಟಿಯಾಗಿತ್ತು. ಬೆಳಕಿಗೆ ಹಿಡಿದರೆ 'ಸೋನಾ ಮಸೂರಿ' ಅಂತ ಬಿಸಿಲು ತೂರಿ ಬಂತು.

ಅದನ್ನು ಕೊರೆದವರು ಯಾರೋ, ಕನ್ನಡ ಬಲ್ಲವರು. 'ರಿ'ಯನ್ನೇ ನೋಡಿ. ರ ಅಂದರೆ ಮುಚ್ಚಿದ ದುಂಡು. ಸುಮ್ನೆ ಕೊರೆದರೆ ಒಳಗಿನ ಬಿಲ್ಲೆ ಉದುರಿ ಬೀಳುತ್ತದೆ. ಬೀಳದ ಹಾಗೆ ಎಡಕ್ಕೊಂದು, ಬಲಕ್ಕೊಂದು ಸಣ್ಣ ಕೊಂಡಿ ಬಿಟ್ಟಿದ್ದರು. ತಳಕ್ಕೆ ಕೈ ಹಚ್ಚಿರಲಿಲ್ಲ. ಉಳಿದ ಅಕ್ಷರಗಳಲ್ಲಿ ತಲೆಕಟ್ಟು ಮೈಗೆ ಸೇರುವ ಜಾಗದಲ್ಲೇ ಕೊಂಡಿ. ಅಲ್ಲಿ ಬಿಟ್ಟರೆ ಓದುವವರಿಗೆ ಗೊತ್ತೇ ಆಗಲ್ಲ. ಠ ಇದ್ದಿದ್ದರೆ ಏನು ಮಾಡುತ್ತಿದ್ದರೋ! ದುಂಡಿನ ಒಳಗೆ ಚುಕ್ಕೆ, ನಡುವೆ ಬಳೆಯಂಥ ತಗಡು.

ನಮ್ಮೂರ ಗವಿಮಠದ ಬಂಡೆ ಮೇಲೆ ಅಶೋಕನ ಶಾಸನ ಇದೆ. ಬ್ರಾಹ್ಮಿ ಅಕ್ಷರ, ಹೆಚ್ಚಿನವು ನೆಟ್ಟಗಿನ ಗೆರೆ. ಮುಂದೆ ಓಲೆಗರಿ ಮೇಲೆ ಕಂಟ ಅನ್ನೋ ಚೂಪು ಮೊನೆಯಿಂದ ಬರೆಯುವಾಗ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಅದಕ್ಕೇ ನಮ್ಮ ಲಿಪಿ ದುಂಡಗಾಯಿತು ಅಂತಾರೆ. ತಗಡಿಗೂ ಅದರದೇ ಹಟ ಇದೆ.

ಇಲ್ಲೊಂದು ತಪ್ಪು ಮಾಡಿದೆ. ಸ್ವಚ್ಛ ಫೋಟೊ ಬರಲಿ ಅಂತ ತಗಡಿಗೆ ಥಿನ್ನರ್ ಹಾಕಿ ಉಜ್ಜಿದೆ. ಅರ್ಧ ಉಜ್ಜಿದ ಮೇಲೆ ಗೊತ್ತಾಯಿತು, ನಾನು ಮೆಚ್ಚಿದ್ದ ಆ ಮೆತ್ತನೆಯ ಅಂಚು ಮಸಿಯದು, ತಗಡಿನದ್ದಲ್ಲ. ಈಗ 'ಸೋನಾ' ಮೆತ್ತಗಿದೆ, 'ಮಸೂರಿ' ಚೂಪಾಗಿದೆ. ಕಿಟಕಿಗೆ ಹಿಡಿದು ಫೋಟೊ ತೆಗೆದೆ, ಚಿತ್ರ ಬಿಡಿಸುವ ತಂತ್ರಾಂಶ ಇಲಸ್ಟ್ರೇಟರ್‌ನಲ್ಲಿ ಪೆನ್ ಟೂಲ್ ಹಿಡಿದು ಕೈಯಲ್ಲೇ ತಿದ್ದಿದೆ.

ವಿಡಿಯೋದಲ್ಲಿ ಅಕ್ಷರ ಕುಣಿಸುವ ತಂತ್ರಾಂಶ ಆಫ್ಟರ್ ಎಫೆಕ್ಟ್ಸ್‌ನಲ್ಲಿ ಕನ್ನಡ ಟೈಪ್ ಮಾಡುವವರಿಗೆ ಒಂದು ಮಾತು. 'ಅಕ್ಕಿ' ಹೋಗಿ 'ಅಕ್‌ಕಿ' ಅಂತ ಬಂದರೆ ಗಾಬರಿ ಬೇಡ. ಪ್ರಿಫರೆನ್ಸಸ್, ಟೈಪ್ ಒಳಗೆ ಟೆಕ್ಸ್ಟ್ ಎಂಜಿನ್ ಅನ್ನು ಸೌತ್ ಏಷ್ಯನ್ ಆಂಡ್ ಮಿಡ್ಲ್ ಈಸ್ಟರ್ನ್‌ಗೆ ಬದಲಿಸಿ. ಆದರೂ ಒಂದೊಂದೇ ಅಕ್ಷರ ಕುಣಿಸಲು ಹೋದರೆ ಒತ್ತು ಒಂದು ಕಡೆ, ಅಕ್ಷರ ಇನ್ನೊಂದು ಕಡೆ ಹಾರುವ ಭಯ ಇದ್ದೇ ಇರುತ್ತೆ. ಅದಕ್ಕೇ ನಾನು ಅಕ್ಷರವನ್ನು ಶೇಪ್ (ಟೈಪ್ ಅಲ್ಲದ ಬರೀ ಆಕಾರ) ಮಾಡಿಕೊಂಡೇ ಕೆಲಸ ಶುರು ಮಾಡುತ್ತೇನೆ.

ಅಕ್ಷರ ಓಡಿಸುವುದು ಹೇಗೆ? ಮೊದಲು ಒಂದೊಂದಾಗಿ ಜಿಗಿಸಿದೆ. ಆಮೇಲೆ ಎಡದಿಂದ ಬಲಕ್ಕೆ ಬ್ರಷ್ ಎಳೆದಂತೆ ಮಾಡಿದೆ. ಎರಡೂ ಸುಳ್ಳು ಅನ್ನಿಸಿತು. ಮತ್ತೆ ಮಿಲ್ಲಿಗೆ ಹೋದೆ. ಹಿರಿಯ ಹಮಾಲರೊಬ್ಬರು ಗೋಣಿಚೀಲ ಹಾಸಿ, ತಗಡು ಇಟ್ಟು, ಬಟ್ಟೆ ಉಂಡೆಗೆ ಮಸಿ ಹಚ್ಚಿಕೊಂಡರು. ನಾನು ಒರೆಸಲು ಕೈ ಚಾಚಿದೆ. "ಒರೆಸಬ್ಯಾಡ, ಕುಟ್ಟು. ಒರೆಸಿದ್ರ ಮಸಿ ತಗಡಿನ ಬುಡಕ್ಕ ಇಳೀತದ" ಅಂದರು. ಟಪ್, ಟಪ್, ಟಪ್. ಕೆಲವು ಕಡೆ ಗಾಢ, ಕೆಲವು ಕಡೆ ತೆಳು. ತಗಡು ಎತ್ತುವವರೆಗೂ ಪದವೇ ಕಾಣಲ್ಲ, ಎತ್ತಿದ ಕೂಡಲೇ ಪೂರ್ತಿ 'ಸೋನಾ ಮಸೂರಿ'!

ಮನೆಗೆ ಬಂದು ಎಲ್ಲ ಅಳಿಸಿದೆ. ಅಕ್ಷರ ಅಲುಗಾಡಲೇ ಇಲ್ಲ. ಒಂಬತ್ತು ಕುಟ್ಟು, ಪ್ರತಿಯೊಂದಕ್ಕೂ ಅಂಚು ಹರಕಾದ ಒಂದು ಮಾಸ್ಕ್, ಅಂದರೆ ಅಕ್ಷರದ ಅಷ್ಟು ಭಾಗ ಮಾತ್ರ ತೋರಿಸುವ ಕಿಂಡಿ. ಪೋಸ್ಟರೈಜ್ ಟೈಮ್ 12ಕ್ಕೆ ಇಟ್ಟೆ (ಸೆಕೆಂಡಿಗೆ 12 ಚಿತ್ರ ಮಾತ್ರ), ಚಲನೆಯ ನುಣುಪು ಹೋಯಿತು. ಶಬ್ದ ಮಿಲ್ಲಿನಲ್ಲೇ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದ್ದು. ಕೊನೆಗೆ ತಗಡು ಮೇಲೇಳುತ್ತದೆ, ಅಷ್ಟೇ.

ತಗಡು ವಾಪಸ್ ಕೊಡಲು ಹೋದಾಗ ಆ ಹಿರಿಯರಿಗೆ ವಿಡಿಯೋ ತೋರಿಸಿದೆ. ಎರಡು ಸಲ ನೋಡಿದರು. "ಚಲೋ ಅದ. ಆದ್ರ ಎರಡು ಸಲ ಜಾಸ್ತಿ ಕುಟ್ಟೀರಿ, ಮಸಿ ದಂಡ" ಅಂದರು. ಅಲ್ಲೇ ಲ್ಯಾಪ್‌ಟಾಪ್ ತೆಗೆದು ಏಳಕ್ಕೆ ಇಳಿಸಿದೆ.