ಸಾಬೂನಿನ ಲೇಬಲ್ ಅಚ್ಚು ಹಾಕಿಸುವ ಮುನ್ನ ತೂಕದ ಬಗ್ಗೆ ಒಂದು ಸಲಹೆ

ಮನೆಯಲ್ಲಿ ಸಾಬೂನು ತಯಾರಿಸಿ ಮಾರುವ ಸದಸ್ಯರು, ಅಚ್ಚಿನಿಂದ ತೆಗೆದು ಕತ್ತರಿಸಿದ ದಿನದ ತೂಕವನ್ನೇ ಲೇಬಲ್ ಮೇಲೆ ನಮೂದಿಸಬಾರದೆಂದು ಕೋರುತ್ತೇನೆ. ಕಾಸ್ಟಿಕ್ ಸೋಡಾ ಕರಗಿಸಲು ಬಳಸಿದ ನೀರು, ಸಾಬೂನನ್ನು ನಾಲ್ಕರಿಂದ ಆರು ವಾರ ಒಣಗಲು ಇಟ್ಟಾಗ ಆವಿಯಾಗುತ್ತಲೇ ಇರುತ್ತದೆ. ನಮ್ಮ ಕೊಪ್ಪಳದ ಬೇಸಿಗೆಯ ಒಣಗಾಳಿಗಂತೂ ಅದು ಇನ್ನೂ ಬೇಗ ಆರುತ್ತದೆ. ಕತ್ತರಿಸಿದಾಗ 110 ಗ್ರಾಂ ಇದ್ದ ನನ್ನ ಬೇವಿನ ಸಾಬೂನು ಆರನೆಯ ವಾರಕ್ಕೆ 97 ಗ್ರಾಂಗೆ ಇಳಿದು, ‘100 ಗ್ರಾಂ’ ಎಂದು ಅವಸರದಲ್ಲಿ ಅಚ್ಚು ಹಾಕಿಸಿದ್ದ ಲೇಬಲ್‌ಗಳೆಲ್ಲ ರದ್ದಿಗೆ ಹೋದವು.

ಈಗ ಪ್ರತಿ ಬ್ಯಾಚಿನ ಎರಡು ತುಂಡುಗಳಿಗೆ ಕಡ್ಡಿಯಿಂದ ಗುರುತು ಗೀರಿ, ವಾರಕ್ಕೊಮ್ಮೆ ತೂಗಿ, ತೂಕ ಇಳಿಯುವುದು ನಿಂತ ಮೇಲೆ ಎಲ್ಲ ತುಂಡುಗಳನ್ನೂ ತೂಗಿ, ಅತ್ಯಂತ ಹಗುರವಾದುದಕ್ಕಿಂತ ಎರಡು ಮೂರು ಗ್ರಾಂ ಕಡಿಮೆಯನ್ನೇ ನಮೂದಿಸುತ್ತೇನೆ. ತೂಕ ತುಸು ಹೆಚ್ಚಿದ್ದರೆ ಯಾವ ಗಿರಾಕಿಯೂ ಜಗಳಕ್ಕೆ ಬರುವುದಿಲ್ಲ.

ಪೊಟ್ಟಣ ಸರಕುಗಳ ಕುರಿತ 2011ರ ಕಾನೂನು ಮಾಪನ ನಿಯಮಗಳ ಪ್ರಕಾರ ನಮೂದಿಸಬೇಕಾದದ್ದು ನಿವ್ವಳ ತೂಕವಾದ್ದರಿಂದ, ಸುತ್ತುವ ಕಾಗದ, ಡಬ್ಬಿ, ದಾರ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಅಡುಗೆಮನೆಯ ಸಣ್ಣ ತಕ್ಕಡಿಯನ್ನು ನೆಚ್ಚದೆ, ಕಾನೂನು ಮಾಪನ ಇಲಾಖೆಯ ಮುದ್ರೆಯಿರುವ ತಕ್ಕಡಿಯಲ್ಲೇ ಕೊನೆಯ ತೂಕ ಮಾಡಿರಿ.