ಒಪ್ಪಿಕೊಂಡ ಕೆಲಸ ಒಂಬತ್ತು, ಮುಗಿಯುವುದು ವಾರಕ್ಕೆ ಎರಡು

ಬಳ್ಳಾರಿಯಲ್ಲಿ ಮನೆಯಿಂದಲೇ ಸ್ವತಂತ್ರವಾಗಿ ವಿನ್ಯಾಸದ ಕೆಲಸ ಮಾಡುವ ನನ್ನಂಥವರಿಗೆ ದಸರೆಗೆ ಮುಂಚಿನ ವಾರಗಳು ಕಠಿಣ. ಜೀನ್ಸ್ ತಯಾರಕರ ಲೇಬಲ್, ಗಂಗಾವತಿಯ ಅಕ್ಕಿ ಗಿರಣಿಯ ಚೀಲದ ಚಿತ್ರ, ರಾಯಚೂರಿನ ಕೋಚಿಂಗ್ ಕೇಂದ್ರದ ವೆಬ್‌ಸೈಟ್ ಎಲ್ಲವೂ ಒಟ್ಟಿಗೇ ಬರುತ್ತವೆ. ಒಮ್ಮೆ ಬಿಟ್ಟರೆ ಗಿರಾಕಿ ಮತ್ತೆ ಬರಲಾರನೆಂಬ ಅಂಜಿಕೆಯಿಂದ ಎಲ್ಲಕ್ಕೂ ಹೂಂ ಎನ್ನುತ್ತೇವೆ.

ಮೊದಲು ವಾಟ್ಸ್‌ಆ್ಯಪ್, ಫೋನು, ಇಮೇಲ್‌ಗಳಲ್ಲಿ ಚದುರಿರುವ ಕೆಲಸಗಳನ್ನೆಲ್ಲ ಒಂದೇ ಹಾಳೆಯಲ್ಲಿ ಬರೆಯಬೇಕು. ಮುಂಗಡ ಪಡೆದೂ ಆರಂಭಿಸದಿರುವುದನ್ನು, ಗಿರಾಕಿಯ ಒಪ್ಪಿಗೆಗಾಗಿ ಕಾದಿರುವುದನ್ನು ಬಿಡಬಾರದು.

ಮುಂದಿನ ಲೆಕ್ಕವೇ ಮುಖ್ಯವಾದುದು. ಹಿಂದಿನ ಎರಡು ತಿಂಗಳ ಬಿಲ್ಲುಗಳನ್ನು ತೆಗೆದು, ವಾರಕ್ಕೆ ಸರಾಸರಿ ಎಷ್ಟು ಕೆಲಸ ನಿಜವಾಗಿ ಮುಗಿದಿವೆ ಎಂದು ಎಣಿಸಿ, ಕೈಯಲ್ಲಿರುವ ಕೆಲಸಗಳ ಸಂಖ್ಯೆಯನ್ನು ಅದರಿಂದ ಭಾಗಿಸಬೇಕು. ಒಂಬತ್ತು ಕೆಲಸವಿದ್ದು ವಾರಕ್ಕೆ ಎರಡು ಮುಗಿಯುವುದಾದರೆ, ಒಂದು ಕೆಲಸ ಒಳಬಂದು ಹೊರಹೋಗಲು ಸರಾಸರಿ ನಾಲ್ಕೂವರೆ ವಾರ ಬೇಕು. ಸರದಿಯ ಈ ನಿಯಮವನ್ನು ಅಮೆರಿಕದ ಸಂಶೋಧಕ ಜಾನ್ ಲಿಟಲ್ 1961ರಲ್ಲಿಯೇ ಗಣಿತದಿಂದ ಸಾಧಿಸಿ ತೋರಿಸಿದ್ದರು. ನಾವಾದರೋ ಇದೇ ಒಂಬತ್ತನ್ನು ಇಟ್ಟುಕೊಂಡು ‘ಮುಂದಿನ ಸೋಮವಾರ ಕೊಡ್ತೀನ್ರೀ’ ಎನ್ನುತ್ತೇವೆ. ನಿದ್ದೆಗೆಟ್ಟು ದುಡಿದರೆ ಒಂದೆರಡು ದಿನ ಉಳಿಯಬಹುದು. ಕೈಯಲ್ಲಿರುವುದನ್ನು ನಾಲ್ಕಕ್ಕೆ ಇಳಿಸಿದರೆ ಕಾಯುವಿಕೆ ಎರಡೇ ವಾರಕ್ಕೆ ಇಳಿಯುತ್ತದೆ. ಇಷ್ಟು ಸರಳವಾದ ಭಾಗಾಕಾರವನ್ನು ನಾನು ವರ್ಷಗಟ್ಟಲೆ ಮಾಡಿರಲಿಲ್ಲ.

ಹಾಗಾಗಿ ಒಂದು ಹೊತ್ತಿಗೆ ಮೂರೇ ಕೆಲಸ ಮೇಜಿನ ಮೇಲಿರಲಿ. ಯಾವುದು ಮೊದಲು ಎಂಬುದನ್ನು ಗಿರಾಕಿಯ ಧ್ವನಿಯ ಜೋರಿನಿಂದ ತೀರ್ಮಾನಿಸದೆ, ತಡವಾದರೆ ಯಾರ ಕೆಲಸ ನಿಲ್ಲುತ್ತದೆ ಎಂಬುದರಿಂದ ತೀರ್ಮಾನಿಸಬೇಕು: ಲೇಬಲ್ ಸಿಗದಿದ್ದರೆ ಹೊಲಿದ ಪ್ಯಾಂಟುಗಳು ಘಟಕದಲ್ಲೇ ಉಳಿಯುತ್ತವೆ, ವೆಬ್‌ಸೈಟ್ ಹತ್ತು ದಿನ ತಡೆದೀತು. ಉಳಿದವರಿಗೆ ಗಡುವು ಮೀರುವ ಮುನ್ನವೇ, ‘ಸಾವ್ಕಾರ್ರೇ, ಲೇಬಲ್ ಶುಕ್ರವಾರ ಕೊಡ್ತೀನಿ, ಕ್ಯಾಟಲಾಗ್ 18ಕ್ಕಿಂತ ಮುಂಚೆ ಆಗಂಗಿಲ್ರೀ’ ಎಂದು ತಾರೀಖು ಸಮೇತ ತಿಳಿಸಬೇಕು. ಬೈಗುಳ ಬಂದರೂ ಆ ದಿನವೇ ಬಂದು ಮುಗಿಯುತ್ತದೆ.

‘ಒಂದು ಸಣ್ಣ ಚೇಂಜ್ ಐತ್ರೀ’ ಎಂಬ ಮಾತು ನುಂಗುವಷ್ಟು ಸಮಯವನ್ನು ಬೇರಾವುದೂ ನುಂಗದು. ಎರಡು ಸುತ್ತಿನ ತಿದ್ದುಪಡಿ ದರದಲ್ಲಿ ಸೇರಿದೆ, ಮೂರನೆಯದಕ್ಕೆ ಪ್ರತ್ಯೇಕ ಹಣ ಎಂದು ಕೊಟೇಶನ್‌ನಲ್ಲಿಯೇ ಬರೆದಿಡಬೇಕು.

ಅತಿಯಾಗಿ ಒಪ್ಪಿಕೊಳ್ಳುವುದಕ್ಕೆ ಹಳೆಯ ಬಾಕಿಯೂ ಕಾರಣ. ಬರಬೇಕಾದುದು ಬಾರದಿದ್ದಾಗ ಹೊಸ ಮುಂಗಡಕ್ಕೆ ಕೈ ಚಾಚುತ್ತೇವೆ. ಕೇಂದ್ರ ಸರ್ಕಾರದ ಜಾಲತಾಣದಲ್ಲಿ ಉದ್ಯಮವನ್ನು ದಾಖಲಿಸುವ ‘ಉದ್ಯಮ್’ ನೋಂದಣಿ ಉಚಿತವಾಗಿದ್ದು, ಕೆಲಸ ಒಪ್ಪಿಸುವ ಮುನ್ನವೇ ಅದನ್ನು ಮಾಡಿಸಿಕೊಂಡಿರುವ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯ ರಕ್ಷಣೆಯಿದೆ. ಲಿಖಿತ ಒಪ್ಪಂದವಿದ್ದರೂ ಪಾವತಿಯ ಗಡುವು 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲುತ್ತದೆ. ದಿನಾ ಎದುರಾಗುವ ಗಿರಾಕಿಯ ಮೇಲೆ ದೂರು ಕೊಡುವುದು ನಮ್ಮ ಊರುಗಳಲ್ಲಿ ಸುಲಭವಲ್ಲ, ನಿಜ. ಬಿಲ್ಲಿನ ಅಡಿಯಲ್ಲಿ ನೋಂದಣಿ ಸಂಖ್ಯೆಯನ್ನೂ ಈ ನಿಯಮವನ್ನೂ ಅಚ್ಚು ಮಾಡಿಸಲು ಯಾರ ಮುಲಾಜೂ ಬೇಕಿಲ್ಲ.

ಇನ್ನು ಹೊಸ ಕೆಲಸ ಬಂದಾಗ ಒಂದು ದಿನದ ಅವಕಾಶ ಕೇಳಿ, ಹಾಳೆ ನೋಡಿ ತಾರೀಖು ಹೇಳಬೇಕು. ಅಷ್ಟು ಕಾಯಲಾಗದ ಗಿರಾಕಿಯನ್ನು ಕೊಪ್ಪಳದಲ್ಲೋ ರಾಯಚೂರಿನಲ್ಲೋ ಇರುವ ಪರಿಚಿತ ವಿನ್ಯಾಸಕರ ಬಳಿ ಕಳುಹಿಸಬಹುದು. ಕಮಿಷನ್ ಮಾತು ಮಾತ್ರ ಕಳುಹಿಸುವ ಮುಂಚೆಯೇ ಆಗಿರಲಿ.