ಮಳೆ ಬಂದ ಮರುದಿನ ಹೊತ್ತಿಕೊಳ್ಳುತ್ತಿದ್ದ ಎಂಜಿನ್ ದೀಪ

ಕಳೆದ ಮಳೆಗಾಲ. ಶಿರಸಿಯ ಮನೆಯಿಂದ ಕುಮಟಾಕ್ಕೆ ಹೊರಟವನು ಗೇಟು ದಾಟುವಷ್ಟರಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಿಕೊಂಡಿತು. ಎಂಜಿನ್ ಗಡಗಡ ನಡುಗುತ್ತಿತ್ತು. ಅದಕ್ಕೂ ಮುಂಚೆ ಒಂದೆರಡು ಬೆಳಿಗ್ಗೆ ಹೀಗೆ ನಡುಗಿದ್ದು ನೆನಪಾಯಿತು. ಐದು ನಿಮಿಷಕ್ಕೆ ನಡುಕ ನಿಂತಿತು, ದೀಪ ಮಾತ್ರ ಹಾಗೇ ಇತ್ತು. ದೇವಿಮನೆ ಘಟ್ಟ ಇಳಿದು, ಕೆಲಸ ಮುಗಿಸಿ, ಅದೇ ಘಟ್ಟ ಹತ್ತಿ ಬಂದೆ. ಕಾರು ಸರಾಗವಾಗಿಯೇ ಓಡಿತು. ಮೂರು ನಾಲ್ಕು ದಿನಕ್ಕೆ ದೀಪವೂ ತಾನಾಗಿ ಆರಿತು.

ಹೀಗೆ ಬಂದು ಹೋಗುವ ದೀಪವೇ ಜಾಸ್ತಿ ಕಾಡುವುದು. ಗ್ಯಾರೇಜಿಗೆ ಒಯ್ದ ದಿನ ಎಲ್ಲ ಸರಿ ಇರುತ್ತದೆ. ಮೊದಲ ಸಲ ಅವರು ಕೋಡ್, ಅಂದರೆ ಕಾರಿನ ಕಂಪ್ಯೂಟರ್ ಬರೆದಿಟ್ಟ ತಪ್ಪಿನ ಗುರುತು, ಅಳಿಸಿ ಕಳಿಸಿದರು. ಎರಡನೇ ಸಲ "ಕಾಯಿಲ್ ಹೋಗಿದೆ ಸರ್" ಅಂತ ಹೊಸದು ಹಾಕಿದರು. ಪೆಟ್ರೋಲಿಗೆ ಕಿಡಿ ಹೊತ್ತಿಸುವ ಪ್ಲಗ್ಗಿಗೆ ವಿದ್ಯುತ್ ಕೊಡುವ ಭಾಗ ಅದು. ವಾರ ಕಳೆಯುವುದರೊಳಗೆ ದೀಪ ಮತ್ತೆ ಬಂತು.

ಆಮೇಲೆ ಒಂದು ಸಣ್ಣ ಬ್ಲೂಟೂತ್ ಸ್ಕ್ಯಾನರ್ ತರಿಸಿದೆ. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇದೆಯಲ್ಲ, ಅದಕ್ಕೆ ಚುಚ್ಚಿ ಮೊಬೈಲಿನಲ್ಲಿ ಓದುವುದು. ಬಂದ ಕೋಡ್ ಪಿ0302. ಅಂದರೆ ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್, ಕಿಡಿ ಹೊತ್ತಬೇಕಾದಾಗ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಒಂದು ಸಿಲಿಂಡರ್ ಉರಿಯದಿದ್ದರೆ ಕ್ರ್ಯಾಂಕ್, ಅಂದರೆ ಎಂಜಿನ್ನಿನ ತಿರುಗುವ ದಂಡ, ಅದರ ವೇಗ ಕ್ಷಣಮಾತ್ರ ತಗ್ಗುತ್ತದೆ. ಆ ಎಡವಟ್ಟನ್ನು ಅಳೆದೇ ಕಾರಿನ ಕಂಪ್ಯೂಟರ್ ಇದನ್ನು ಹಿಡಿಯುತ್ತದೆ.

ದೀಪ ಯಾಕೆ ಬಂದು ಹೋಗುತ್ತದೆ ಅನ್ನುವುದೂ ಆಗಲೇ ಗೊತ್ತಾಯಿತು. ತಪ್ಪು ಒಮ್ಮೆ ಕಂಡರೆ ಕಂಪ್ಯೂಟರ್ ಸಾಮಾನ್ಯವಾಗಿ ಬರೆದಿಟ್ಟುಕೊಂಡು ಸುಮ್ನೆ ಇರುತ್ತದೆ. ಮುಂದಿನ ಓಟದಲ್ಲೂ ಕಂಡರೆ ದೀಪ ಹಚ್ಚುತ್ತದೆ. ಸತತ ಮೂರು ಓಟದಲ್ಲಿ ಕಾಣದಿದ್ದರೆ ಆರಿಸುತ್ತದೆ. ಹಾಗಾಗಿ ದೀಪ ಆರಿತು ಅಂದರೆ ಕಾಯಿಲೆ ವಾಸಿಯಾಯಿತು ಅಂತಲ್ಲ. ಕೋಡ್ ಇನ್ನೂ ನೆನಪಿನಲ್ಲಿ ಉಳಿದಿರುತ್ತದೆ.

ಕೋಡಿಗಿಂತ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಫ್ರೀಜ್ ಫ್ರೇಮ್. ತಪ್ಪು ನಡೆದ ಗಳಿಗೆಯಲ್ಲಿ ಎಂಜಿನ್ ಹೇಗಿತ್ತು ಅನ್ನುವ ದಾಖಲೆ ಅದು. ನನ್ನದರಲ್ಲಿ ಕೂಲಂಟ್ (ಎಂಜಿನ್ ತಣಿಸುವ ದ್ರವ) 26 ಡಿಗ್ರಿ, ಆರ್‌ಪಿಎಂ 1,150, ವೇಗ ಸೊನ್ನೆ. ಅಂದರೆ ಬೆಳಿಗ್ಗೆ ಆಗಷ್ಟೇ ಸ್ಟಾರ್ಟ್ ಮಾಡಿದ ತಣ್ಣಗಿನ ಎಂಜಿನ್. ಗ್ಯಾರೇಜಿನಲ್ಲಿ ಕೋಡ್ ಅಳಿಸಿದಾಗ ಈ ದಾಖಲೆಯೂ ಅಳಿಸಿಹೋಗಿತ್ತು. ದಯವಿಟ್ಟು ಫೋಟೋ ತೆಗೆದುಕೊಳ್ಳದೆ ಕೋಡ್ ಅಳಿಸಬೇಡಿ, ಅಳಿಸಲು ಬಿಡಲೂ ಬೇಡಿ.

ಕಾರಿನಲ್ಲೇ ಒಂದು ನೋಟ್‌ಬುಕ್ ಇಟ್ಟೆ. ತಾರೀಖು, ರಾತ್ರಿ ಮಳೆ ಇತ್ತೋ ಇಲ್ಲವೋ, ಕಾರು ಎಲ್ಲಿ ನಿಂತಿತ್ತು, ಎಂಜಿನ್ ನಡುಗಿತೋ ಇಲ್ಲವೋ, ಇಷ್ಟೇ. ಜೊತೆಗೆ ಎರಡನೇ ಸಿಲಿಂಡರಿನ ಕಾಯಿಲನ್ನು ಮೂರಕ್ಕೆ, ಮೂರರದ್ದನ್ನು ಎರಡಕ್ಕೆ ಹಾಕಿದೆ. ಎಂಜಿನ್ ಬಂದ್ ಮಾಡಿ, ತಣಿದ ಮೇಲೆ ಮಾಡುವ ಕೆಲಸ ಇದು. ಓಡುವ ಎಂಜಿನ್ನಿನಲ್ಲಿ ಕಾಯಿಲ್ ಎಳೆಯಬಾರದು, ಸಾವಿರಾರು ವೋಲ್ಟ್ ಇರುತ್ತದೆ. ಕಾಯಿಲ್ ಕೆಟ್ಟಿದ್ದರೆ ಕೋಡ್ ಪಿ0303, ಅಂದರೆ ಮೂರನೇ ಸಿಲಿಂಡರಿನದು, ಆಗಬೇಕಿತ್ತು. ಆಗಲಿಲ್ಲ. ಪ್ಲಗ್ಗುಗಳನ್ನೂ ಅದಲು ಬದಲು ಮಾಡಿದೆ. ಮತ್ತೆ ಪಿ0302. ತಪ್ಪು ಬಿಡಿಭಾಗದ ಜೊತೆ ಹೋಗುತ್ತಿಲ್ಲ, ಆ ಜಾಗದಲ್ಲೇ ಕೂತಿದೆ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಇರಬಹುದು, ಸಿಲಿಂಡರಿನೊಳಗಿನ ಒತ್ತಡ (ಕಂಪ್ರೆಶನ್) ಇರಬಹುದು. ಆದರೆ ಬಿಸಿಯಾದ ಮೇಲೆ ಯಾಕೆ ಸರಿಹೋಗುತ್ತದೆ? ನೋಟ್‌ಬುಕ್ಕಿನ ಪ್ರಕಾರ ನಡುಕ ಬರುತ್ತಿದ್ದದ್ದು ಮಳೆ ಬಂದ ಮರುದಿನ.

ಒಂದು ರಾತ್ರಿ ನೋಟ್‌ಬುಕ್ ತಿರುವಿ ನೋಡಿದ ಹೆಂಡತಿ ಕೇಳಿದಳು, "ಕುಮಟಾದಲ್ಲಿ ಭಾವನ ಮನೇಲಿ ಉಳಿದ ರಾತ್ರಿನೂ ಜೋರು ಮಳೆ ಇತ್ತು. ಮರುದಿನ ಏನೂ ಆಗ್ಲಿಲ್ಲ ಅಲ್ವಾ?"

ಹೌದು. ಅಲ್ಲಿ ಕಾರು ಶೆಡ್ಡಿನ ಒಳಗಿತ್ತು. ನಾನು ಅಷ್ಟು ದಿನ ಕರಾವಳಿಯ ಉಪ್ಪುಗಾಳಿ, ತೇವ ಅಂತ ಯೋಚಿಸುತ್ತಿದ್ದೆ. ತೇವವೇ ಕಾರಣವಾಗಿದ್ದರೆ ಶೆಡ್ಡಿನಲ್ಲೂ ಆಗಬೇಕಿತ್ತು. ನೀರು ಮೇಲಿಂದ ಬೀಳುತ್ತಿದೆ.

ಬೆಳಿಗ್ಗೆ ಬಾನೆಟ್ ತೆಗೆದು, ಟಾರ್ಚ್ ಹಿಡಿದು ಕೂತೆ. ಹೆಂಡತಿ ಮುಂದಿನ ಗಾಜಿನ ಮೇಲೆ ಚೊಂಬಿನಿಂದ ನಿಧಾನಕ್ಕೆ ನೀರು ಸುರಿದಳು. ಎರಡನೇ ಚೊಂಬಿಗೆ ಏನೂ ಇಲ್ಲ. ನಾಲ್ಕನೆಯದಕ್ಕೆ ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಲರಿಯ ಅಂಚಿನಲ್ಲಿ ಒಂದು ಹನಿ ಮೂಡಿತು. ದಪ್ಪಗಾಯಿತು, ಅಲುಗಿತು, ಟಪ್ ಅಂತ ನೇರ ಎರಡನೇ ಕಾಯಿಲಿನ ಬುಡಕ್ಕೆ ಬಿತ್ತು. ಹಿಂದೆಯೇ ಇನ್ನೊಂದು.

ಜಾಲರಿ ಬಿಚ್ಚಿದಾಗ ಒಳಗೆ ಕಪ್ಪು ಗೊಬ್ಬರ. ಕಾರು ನಿಲ್ಲುವುದು ಅಂಗಳದ ಬಕುಳದ ಮರದ ಕೆಳಗೆ. ಅದರ ಹೂವು, ಎಲೆ ಎಲ್ಲ ಕೊಳೆತು ನೀರು ಹೊರಹೋಗುವ ತೂತನ್ನು ಮುಚ್ಚಿದ್ದವು. ತುಂಬಿದ ನೀರು ರಬ್ಬರ್ ಪಟ್ಟಿ ಎದ್ದ ಕಡೆಯಿಂದ ಎಂಜಿನ್ ಮೇಲೆ ಇಳಿಯುತ್ತಿತ್ತು. ಪ್ಲಗ್ ಕೂರುವ ಕುಳಿಯಲ್ಲಿ ನೀರು ನಿಂತರೆ ಕಿಡಿ ಪ್ಲಗ್ಗಿನ ತುದಿಗೆ ಹೋಗುವ ಬದಲು ಪಕ್ಕದ ಲೋಹಕ್ಕೆ ಹಾರುತ್ತದೆ. ಎಂಜಿನ್ ಬಿಸಿಯಾದಂತೆ ನೀರು ಆವಿಯಾಗುತ್ತದೆ, ನಡುಕ ನಿಲ್ಲುತ್ತದೆ. ಕುಳಿಯ ಬಾಯಲ್ಲಿ ತುಕ್ಕಿನ ಕೆಂಪು ಗೆರೆ ಇತ್ತು. ಕಾಯಿಲ್ ಅದಲು ಬದಲು ಮಾಡಿದ ದಿನವೇ ಅದು ಕಣ್ಣಿಗೆ ಬಿದ್ದಿತ್ತು. ಹಳೆ ಕಾರು, ಇರುತ್ತದೆ ಅಂದುಕೊಂಡು ಬಿಟ್ಟಿದ್ದೆ.

ರಿಪೇರಿ ದೊಡ್ಡದೇನಲ್ಲ. ತೂತು ಬಿಡಿಸಿದೆ, ಹೊಸ ರಬ್ಬರ್ ಪಟ್ಟಿ ಹಾಕಿದೆ, ಕುಳಿಯನ್ನು ಗಾಳಿ ಹೊಡೆದು ಒಣಗಿಸಿದೆ, ನಾಲ್ಕೂ ಪ್ಲಗ್ ಬದಲಿಸಿದೆ. ಆಮೇಲೆ ಕೋಡ್ ಅಳಿಸಿದೆ. ಉಳಿದ ಮಳೆಗಾಲವಿಡೀ ದೀಪ ಬರಲಿಲ್ಲ.

ಒಂದು ಮಾತು ಬಿಟ್ಟುಹೋಯಿತು. ನನ್ನ ದೀಪ ಸ್ಥಿರವಾಗಿ ಉರಿಯುತ್ತಿತ್ತು, ಹಾಗಾಗಿ ಹುಡುಕಲು ಸಮಯ ಸಿಕ್ಕಿತು. ಮಿಣಮಿಣ ಮಿಟುಕುತ್ತಿದ್ದರೆ ಘಟ್ಟ ಹತ್ತಿಸಬೇಡಿ, ಬದಿಗೆ ನಿಲ್ಲಿಸಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಉರಿದರೆ ಅದು ಕಾದು ಹಾಳಾಗುತ್ತದೆ. ಅದರ ಖರ್ಚು ಬೇರೆಯದೇ ಲೆಕ್ಕ.

ಕಾರು ಈಗಲೂ ಬಕುಳದ ಕೆಳಗೇ ನಿಲ್ಲುತ್ತದೆ, ಬೇರೆ ಜಾಗ ಇಲ್ಲ. ಭಾನುವಾರ ಗಾಜಿನ ಬುಡಕ್ಕೆ ಒಂದು ಚೊಂಬು ನೀರು ಸುರಿಯುತ್ತೇನೆ. ಮುಂದಿನ ಚಕ್ರದ ಹಿಂದೆ ಅದು ನೆಲಕ್ಕೆ ಬೀಳುವುದು ಕಂಡ ಮೇಲೆ ಚೊಂಬು ಒಳಗಿಡುತ್ತೇನೆ.